ಹತ್ತಿ ತಿಂದ ಕಾರು

ಆದವಾನಿಯಲ್ಲಿ ಮನುಷ್ಯನಿಗೆ ಜ್ವರ ಬಂದರೆ ‘ಡಾಕ್ಟರಿಗೆ ತೋರಿಸಿ’ ಅನ್ನುತ್ತಾರೆ. ಕಾರಿಗೆ ಬಂದರೆ ಹಾಗಲ್ಲ, ಅಲ್ಲಿ ಎಲ್ಲರೂ ಡಾಕ್ಟರೇ. ಬಾನೆಟ್ ಎತ್ತುವುದೇ ತಡ, ಚಹಾದಂಗಡಿ ಖಾಲಿಯಾಗಿ ಎಲ್ಲರೂ ನಿಮ್ಮ ರೇಡಿಯೇಟರ್ ಸುತ್ತ ನೆರೆದಿರುತ್ತಾರೆ.

ನನ್ನದು ಕಾರ್ಬೊರೇಟರ್ ಕಾಲದ ಮಾರುತಿ 800. ಮೂರು ಸಿಲಿಂಡರು, 796 ಸಿಸಿ. ಮನೆ ಮುಂದೆ ನಿಂತು ಗುರುಗುಟ್ಟುವಾಗ ಅದಕ್ಕೆ ಯಾವ ತಕರಾರೂ ಇರಲಿಲ್ಲ. ಊರೊಳಗೆ ಆಟೋಗಳ ಸಂದಿಯಲ್ಲಿ ನುಸುಳುವಾಗಲೂ ಇರಲಿಲ್ಲ. ಹೆದ್ದಾರಿಗೆ ಬಂದು ಆಕ್ಸಿಲರೇಟರ್ ತುಳಿದರೆ ಮಾತ್ರ ‘ಈಗಲೇ ಬೇಕಾ?’ ಅನ್ನುವ ಧಾಟಿಯಲ್ಲಿ ಮುಲುಗಿ, ಹಿಂದೆ ಒಂದಿಷ್ಟು ಕಪ್ಪು ಹೊಗೆ ಬಿಟ್ಟು, ಇದ್ದ ವೇಗದಲ್ಲೇ ಇರುತ್ತಿತ್ತು.

ನಮ್ಮದು ಹಗರಿಯಿಂದ ಆಲೂರು, ಆದವಾನಿ, ಎಮ್ಮಿಗನೂರು ಹಾದು ಮಂತ್ರಾಲಯದ ಕಡೆ ಹೋಗುವ 167ನೇ ನಂಬರಿನ ರಾಷ್ಟ್ರೀಯ ಹೆದ್ದಾರಿ. ಎರಡೂ ಬದಿ ಎರೆ ಹೊಲ. ಹತ್ತಿ ಬಿಡಿಸುವ ಕಾಲಕ್ಕೆ ಸುತ್ತಲಿನ ಹಳ್ಳಿಗಳ ಹತ್ತಿಯೆಲ್ಲ ಆದವಾನಿ ಯಾರ್ಡಿನ ದಾರಿ ಹಿಡಿಯುತ್ತದೆ. ಲಾರಿ, ಟ್ರ್ಯಾಕ್ಟರು ಯಾವುದಾದರೂ ಸರಿ, ಹೇರು ಮಾತ್ರ ವಾಹನದ ಎರಡರಷ್ಟು ಅಗಲ. ಅಂಥ ಲಾರಿಯೊಂದರ ಹಿಂದೆ ನಾನು ಆಲೂರಿನಿಂದಲೂ ಬಂದಿದ್ದೇನೆ. ಮುಂದೆ ಹೋಗೋಣವೆಂದು ತುಳಿದರೆ ಕಾರು ಏಳುವುದಿಲ್ಲ. ಹಿಂದೆಯೇ ಉಳಿದರೆ ಹೇರಿನಿಂದ ಅರಳೆ ಹಾರಿ ಹಾರಿ ಗಾಜಿಗೆ, ವೈಪರಿಗೆ, ಮುಂದಿನ ಜಾಲರಿಗೆ ಅಂಟುತ್ತದೆ.

ಇನ್ನು ತಜ್ಞರ ವಿಚಾರ. ಪಕ್ಕದ ಮನೆಯ ರಿಟೈರ್ಡ್ ಗುಮಾಸ್ತರು ಪೆಟ್ರೋಲ್ ಕಲಬೆರಕೆ ಎಂದು ತೀರ್ಪು ಕೊಟ್ಟರು. ಅವರು ಅಲ್ಲಿಗೇ ನಿಲ್ಲುವವರಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಪೆಟ್ರೋಲ್ ಅಗ್ಗ, 1953ರಲ್ಲಿ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಬಳ್ಳಾರಿ ಜಿಲ್ಲೆಯಿಂದ ಕಿತ್ತು ಆಂಧ್ರಕ್ಕೆ ಸೇರಿಸದಿದ್ದರೆ ಇವತ್ತು ನಿಮ್ಮ ಕಾರಿಗೆ ಈ ಗತಿ ಬರುತ್ತಿತ್ತೇ ಎಂದು ಕೇಳಿದರು. ಬಾನೆಟ್ಟಿನೊಳಗೆ ರಾಜ್ಯ ಪುನರ್ವಿಂಗಡಣೆಯನ್ನು ಹುಡುಕಲು ನನಗೆ ಪುರುಸೊತ್ತಿರಲಿಲ್ಲ.

ಮಂಡಿಯಲ್ಲಿ ದಲಾಲಿ ಮಾಡುವ ಗೆಳೆಯ ‘ಕ್ಲಚ್ ಪ್ಲೇಟ್ ಹೋಗಿದೆ’ ಅಂದ. ಕ್ಲಚ್ ಜಾರಿದರೆ ಇಂಜಿನ್ನು ಕಿರುಚಬೇಕು, ಕಾರು ಮಾತ್ರ ಓಡಬಾರದು. ನಮ್ಮದರಲ್ಲಿ ಕಿರುಚಾಟವೂ ಇಲ್ಲ, ಓಟವೂ ಇಲ್ಲ. ಭಾವನವರದು ಬೇರೆಯೇ ವರಸೆ: “ಕಂಪನಿಯವರೇ 2014ರಲ್ಲಿ ಈ ಕಾರು ಮಾಡೋದು ಬಿಟ್ಟರು. ನೀವು ಯಾವಾಗ ಬಿಡ್ತೀರಿ?” ಸೋದರತ್ತೆ ಮಾತ್ರ ಖರ್ಚಿಲ್ಲದ ದಾರಿ ತೋರಿಸಿದರು. “ರಾಯರಿಗೆ ಹರಕೆ ಹೊರು. ಆದವಾನಿ ನವಾಬ ಸಿದ್ದಿ ಮಸೂದ್ ಖಾನನನ್ನೇ ಒಲಿಸಿಕೊಂಡು ಮಂಚಾಲೆ ಪಡೆದವರಿಗೆ ನಿನ್ನ ಕಾರೇನು ದೊಡ್ಡದು?” ಮಂತ್ರಾಲಯಕ್ಕೆ ಹೋಗಲಿಕ್ಕೂ ಕಾರು ಓಡಬೇಕಲ್ಲ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊನೆಗೆ ಸಿಕ್ಕಿದ್ದು ಮಾತು ಕಡಿಮೆಯ ಒಬ್ಬ ಮೇಸ್ತ್ರಿ. ಹೊಗೆ ಯಾವ ಬಣ್ಣ ಅಂತ ಕೇಳಿದ. ನಿಂತಾಗ ಸರಿಯಿದ್ದು ತುಳಿದಾಗಷ್ಟೇ ಹೀಗಾ ಅಂತ ಕೇಳಿದ. ಆಮೇಲೆ ಮೂರು ಪ್ಲಗ್ಗುಗಳನ್ನೂ ಬಿಚ್ಚಿ ಫೆಂಡರಿನ ಮೇಲೆ ಸಾಲಾಗಿ ಇಟ್ಟ. ಮೂರರ ಮೂತಿಗೂ ಒಂದೇ ಸಮನೆ ಒಣ ಮಸಿ. ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರಿನ ರೋಗ, ಮೂರೂ ಕಪ್ಪಾಗಿದ್ದರೆ ಮೂರಕ್ಕೂ ಸೇರಿದ ರೋಗ ಎಂಬುದು ಅವನ ಶಾಸ್ತ್ರ. ಪೆಟ್ರೋಲ್ ಫಿಲ್ಟರಿರಬಹುದೇ ಎಂದೆ.

“ಪೆಟ್ರೋಲ್ ಕಡಿಮಿ ಬಿದ್ದಿದ್ರ ಪ್ಲಗ್ಗು ಬೆಳ್ಳಗ ಆಗ್ತಿತ್ತು ಸಾರ್. ಇದು ಹೊಟ್ಟಿತುಂಬ ಉಂಡೈತಿ, ಉಸುರಾಡಾಕ ಆಗವಲ್ದು. ದಮ್ಮು.”

ಏರ್ ಫಿಲ್ಟರಿನ ಡಬ್ಬಿ ತೆರೆದ. ಮಡಿಕೆ ಮಡಿಕೆಯಾಗಿರಬೇಕಾದ ಕಾಗದ ಕಾಣಲೇ ಇಲ್ಲ. ಅದರ ಮೇಲೆ ಎರೆಮಣ್ಣಿನ ಧೂಳು ಕೂತು ಬೂದಿ ಬಣ್ಣಕ್ಕೆ ತಿರುಗಿದ ಅರಳೆಯ ಪದರ. ಉಗುರಿನಿಂದ ಎತ್ತಿದರೆ ಒಂದೇ ತುಂಡಾಗಿ ಎದ್ದು ಬಂತು. ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ ದಲಾಲಿ ಗೆಳೆಯ ರೇಟು ಹೇಳದೆ ಸುಮ್ಮನಿದ್ದದ್ದು ಆಶ್ಚರ್ಯ.

ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಹೆಚ್ಚುಕಡಿಮೆ 9,000 ಲೀಟರ್ ಗಾಳಿ ಬೇಕು. ನಿಧಾನಕ್ಕೆ ಓಡುವಾಗ ಇಂಜಿನ್ನು ಸ್ವಲ್ಪವೇ ಎಳೆದುಕೊಳ್ಳುತ್ತದೆ, ಅಷ್ಟು ಗಾಳಿ ಅರಳೆಯ ಸಂದಿಯಲ್ಲೂ ನುಸುಳಿ ಬರುತ್ತದೆ. ಪೂರಾ ತುಳಿದು ಇಂಜಿನ್ನು ನಿಮಿಷಕ್ಕೆ 3,000 ಸುತ್ತಿಗೆ ಏರಿದರೆ ನನ್ನ ಚಿಕ್ಕ ಇಂಜಿನ್ನಿಗೇ ನಿಮಿಷಕ್ಕೆ ಸುಮಾರು ಸಾವಿರ ಲೀಟರ್ ಗಾಳಿ ಬೇಕಾಗುತ್ತದೆ. ಅದು ಸಿಗದಿದ್ದಾಗ ಕಾರ್ಬೊರೇಟರ್ ಗಾಳಿಯ ಬದಲು ಪೆಟ್ರೋಲನ್ನೇ ಹೆಚ್ಚು ಎಳೆಯುತ್ತದೆ. ಚೋಕ್ ಎಳೆದೇ ಬಳ್ಳಾರಿಗೆ ಹೋದ ಲೆಕ್ಕ. ಕಪ್ಪು ಹೊಗೆ, ಮಸಿ, ಕುಸಿದ ಮೈಲೇಜು ಎಲ್ಲದರ ಮೂಲ ಅದೇ. ದುಡ್ಡು ಕೊಟ್ಟು ಕೊಳ್ಳುವ ಪೆಟ್ರೋಲಿನ ಮೇಲೆ ಊರಿಗೆಲ್ಲ ಅನುಮಾನ. ಪುಕ್ಕಟೆ ಗಾಳಿಯನ್ನು ಯಾರು ಕೇಳುತ್ತಾರೆ?

ಫಿಲ್ಟರ್ ತೆಗೆದು ಬರೀ ಬಾಯಲ್ಲೇ ಮೇಸ್ತ್ರಿ ಒಮ್ಮೆ ರೇಸ್ ಕೊಟ್ಟ. ಮಾರುತಿ ಗುಡುಗಿತು. ಹಾಗಾದರೆ ಫಿಲ್ಟರಿಲ್ಲದೆಯೇ ಓಡಿಸಬಹುದಲ್ಲ ಎಂದು ಗುಮಾಸ್ತರು ಸಲಹೆ ಕೊಟ್ಟರು. “ಎರೆಮಣ್ಣು ಒಳಗ ಹೋದ್ರ ಸಿಲಿಂಡರ್ ಸಾಣಿ ಹಿಡದಂಗ ಸವೀತದ” ಎಂದು ಮೇಸ್ತ್ರಿ ತಲೆಯೆತ್ತದೆ ಹೇಳಿ, ಹೊಸ ಫಿಲ್ಟರ್ ಕೂಡಿಸಿ, ಪ್ಲಗ್ಗುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬಿಗಿದ. ಚಿಕಿತ್ಸೆ ಮುಗಿಯಿತು. ತಜ್ಞರು ಚಹಾದಂಗಡಿಗೆ ಹಿಂದಿರುಗಿದರು. ನಮ್ಮ ಪೆಟ್ರೋಲ್ ಇನ್ನೂ ಕಲಬೆರಕೆಯದೇ ಎಂದು ಗುಮಾಸ್ತರು ಈಗಲೂ ಸಾಧಿಸುತ್ತಾರೆ.

ಹತ್ತಿ ಸೀಜನ್ನಿನಲ್ಲಿ ಈ ಕಡೆ ಬರುವವರಿಗೆ ನನ್ನದೊಂದು ಅರಿಕೆ. ನಿಮ್ಮದು ಕಂಪ್ಯೂಟರ್ ಕೂತಿರುವ ಹೊಸ ಕಾರೇ ಆಗಿರಲಿ, ಏರುವಾಗ ದಮ್ಮು ಕಟ್ಟಿದರೆ ಗೇರ್‌ಬಾಕ್ಸ್ ಇಳಿಸುವ ಮುಂಚೆ ಏರ್ ಫಿಲ್ಟರ್ ತೆರೆದು ನೋಡಿ. ಹತ್ತಿ ಲಾರಿಗೆ ಅಂಟಿಕೊಂಡು ಬರಬೇಡಿ, ಹಿಂದೆ ಸರಿದು ಅಂತರ ಬಿಡಿ. ಹಾರ್ನ್ ಹೊಡೆದು ಪ್ರಯೋಜನವಿಲ್ಲ, ಆ ಹೇರಿನ ಮುಂದೆ ಡ್ರೈವರನಿಗೆ ಏನೂ ಕೇಳಿಸುವುದಿಲ್ಲ.