296 ಬಂದ್ರೆ ಏನಾಯ್ತು?

ಅಲ್ಲಾರೀ, ಎರಡು ದಿನದಿಂದ ನಿಮ್ಮ ಮಗಳು ಹೊರಗೇ ಕಾಣಲಿಲ್ಲ, ಹುಷಾರಿಲ್ವೇನೋ ಅಂದ್ಕೊಂಡಿದ್ದೆ. ಜಿಆರ್‌ಇ ರಿಸಲ್ಟ್ ಬಂತು, 296 ಆಯ್ತು, ಇನ್ನು ಅಮೆರಿಕನೂ ಬೇಡ ಪಿಎಚ್‌ಡಿನೂ ಬೇಡ ಅಂತ ಕೂತಿದ್ದಾಳೆ ಅಂದ್ರಲ್ಲ, ಕೇಳಿ ನಂಗೆ ಸಂಕಟ ಆಯ್ತು. ಒಲೆ ಸಣ್ಣ ಮಾಡಿ ಬನ್ನಿ, ಅವಸರದಲ್ಲಿ ಆಡೋ ಮಾತಲ್ಲ ಇದು.

340ಕ್ಕೆ 296 ಅಂದ್ರೆ 87 ಪರ್ಸೆಂಟ್, ಒಳ್ಳೇದೇ ಅಲ್ವಾ ಅಂದ್ರಿ. ಹಾಗಲ್ಲ. ಆ ಪರೀಕ್ಷೆಯ ಲೆಕ್ಕ ಸೊನ್ನೆಯಿಂದ ಶುರುವಾಗಲ್ಲ, 260ರಿಂದ ಶುರು. ಇಂಗ್ಲಿಷಿಗೂ ಗಣಿತಕ್ಕೂ ತಲಾ 130ರಿಂದ 170. ಇವಳಿಗೆ ಗಣಿತದಲ್ಲಿ 155, ಇಂಗ್ಲಿಷಿನಲ್ಲಿ 141. ಕಮ್ಮಿನೇ, ಮುಚ್ಚಿಡೋದು ಬೇಡ. ಆದ್ರೆ ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದ ಹುಡುಗಿ, ದಿನಬಳಕೆಯಲ್ಲಿ ಯಾರೂ ಆಡದ ಇಂಗ್ಲಿಷ್ ಪದಗಳನ್ನ ಗಡಿಯಾರ ನೋಡ್ಕೊಂಡು ಆರಿಸಬೇಕು. ಒಂದು ಗಂಟೆ 58 ನಿಮಿಷದ ಪರೀಕ್ಷೆ ಅದು. ಅದರಲ್ಲಿ ಬಂದ 141, ಲ್ಯಾಬಿನಲ್ಲಿ ಅವಳು ಎಂಥ ಕೆಲಸಗಾತಿ ಅಂತ ಹೇಳುತ್ತಾ?

ಹೇಳಲ್ಲ ಅಂತ ಅಮೆರಿಕದವರೇ ಲೆಕ್ಕ ಹಾಕಿ ನೋಡಿದಾರೆ. ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ತಮ್ಮಲ್ಲೇ ಬಯೋಮೆಡಿಕಲ್ ಪಿಎಚ್‌ಡಿಗೆ ಸೇರಿದ ವಿದ್ಯಾರ್ಥಿಗಳ ಸ್ಕೋರು ತೆಗೆದು, ಮುಂದೆ ಅವರು ಏನಾದ್ರು ಅಂತ ಹೋಲಿಸಿ 2017ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟಿಸಿದ್ರು. ಮೊದಲ ಸೆಮಿಸ್ಟರಿನ ಗ್ರೇಡಿಗೂ ಸ್ಕೋರಿಗೂ ಅಷ್ಟಿಷ್ಟು ಸಂಬಂಧ ಕಂಡಿತು. ಪಿಎಚ್‌ಡಿ ಯಾರು ಮುಗಿಸ್ತಾರೆ, ಸ್ವಂತ ಸಂಶೋಧನಾ ಲೇಖನ ಯಾರು ಹೆಚ್ಚು ಬರೀತಾರೆ ಅನ್ನೋದು ಆ ಸ್ಕೋರಿನಿಂದ ತಿಳಿಯಲೇ ಇಲ್ಲ. ಪರೀಕ್ಷೆ ನಡೆಸೋ ಇಟಿಎಸ್ ಸಂಸ್ಥೆ ಕೂಡ, ಬರೀ ಸ್ಕೋರಿನ ಗೆರೆ ಎಳೆದು ಯಾರನ್ನೂ ತಳ್ಳಿಹಾಕಬೇಡಿ ಅಂತಾನೇ ಹೇಳೋದು.

ನಮ್ಮೂರಿನದೇ ಕಥೆ ಇಲ್ವಾ? ಇಂಗ್ಲಿಷ್ ಕಾದಂಬರಿಕಾರ ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಬರೆದು ಫೇಲಾದ್ರು, ಅದೂ ಇಂಗ್ಲಿಷಿನಲ್ಲಿ. ಅಪ್ಪ ಹೈಸ್ಕೂಲ್ ಹೆಡ್‌ಮಾಸ್ಟರು ಬೇರೆ. ಒಂದು ವರ್ಷ ಮನೇಲೇ ಕೂತು ಓದಿದ್ರು, ಬರೆದ್ರು. 1926ರಲ್ಲಿ ಪಾಸಾಗಿ ಮಹಾರಾಜಾ ಕಾಲೇಜು ಸೇರಿದ್ರು. ಬಿಎ ಮುಗಿಸೋಕೂ ಒಂದು ವರ್ಷ ಹೆಚ್ಚೇ ಹಿಡೀತು. ಯಾದವಗಿರಿಯಲ್ಲಿ ಅವರ ಮನೇನ ಈಗ ಮ್ಯೂಸಿಯಂ ಮಾಡಿದಾರೆ, ಒಂದು ಭಾನುವಾರ ಮಗಳನ್ನ ಕರ್ಕೊಂಡು ಹೋಗಿ.

ಈಗ ಕೆಲಸದ ಮಾತು. ಕೊರೊನಾ ಬಂದ ಮೇಲೆ ಎಷ್ಟೋ ಡಿಪಾರ್ಟ್‌ಮೆಂಟುಗಳು ಜಿಆರ್‌ಇ ಕೇಳೋದನ್ನೇ ಬಿಟ್ಟಿವೆ, ಅದರಲ್ಲೂ ಜೀವವಿಜ್ಞಾನದ ಪಿಎಚ್‌ಡಿಗೆ. ಯೂನಿವರ್ಸಿಟಿ ಹೆಸರು ನೋಡಿದ್ರೆ ಇದು ಗೊತ್ತಾಗಲ್ಲ. ಒಂದೇ ಕ್ಯಾಂಪಸ್ಸಿನಲ್ಲಿ ಒಂದು ವಿಭಾಗ ಬೇಕು ಅನ್ನುತ್ತೆ, ಪಕ್ಕದ್ದು ಬೇಡ ಅನ್ನುತ್ತೆ. ಕಳಿಸಿದ್ರೂ ನೋಡಲ್ಲ ಅನ್ನೋರಿದಾರೆ, ಇಷ್ಟವಿದ್ರೆ ಕಳಿಸಿ ಅನ್ನೋರಿದಾರೆ. ಇಷ್ಟವಿದ್ರೆ ಅಂದ ಕಡೆ ಈ 296 ಕಳಿಸೋದೇ ಬೇಡ, ಅದರಲ್ಲಿ ಸುಳ್ಳೂ ಇಲ್ಲ ಮೋಸವೂ ಇಲ್ಲ. ಕಡ್ಡಾಯ ಅಂದ ಕಡೆಗೆ ಅವಳ ಇಷ್ಟದ ಒಂದೋ ಎರಡೋ ಹಾಕಲಿ. ಇನ್ನೊಂದ್ಸಲ ಬರೀಬಹುದು ನಿಜ, 21 ದಿನ ಬಿಟ್ರೆ ಆಯ್ತು. ಆದ್ರೆ ಮತ್ತೆ 20 ಸಾವಿರದ ಮೇಲೆ ಫೀಸು, ಡಿಸೆಂಬರಿಗೆ ಹೆಚ್ಚಿನ ಕಡೆ ಕೊನೇ ತಾರೀಕು. ಈ ಉಳಿದ ದಿನಗಳನ್ನ ಪದಪಟ್ಟಿ ಉರು ಹೊಡೆಯೋಕೆ ಕೊಟ್ರೆ ಅರ್ಜಿಯ ಮಿಕ್ಕಿದ್ದೆಲ್ಲ ಸೊರಗುತ್ತೆ.

ಮಿಕ್ಕಿದ್ದು ಅಂದ್ರೆ ಏನು ಗೊತ್ತಾ? ಮಾನಸಗಂಗೋತ್ರಿಯ ಯೂನಿವರ್ಸಿಟಿಯಲ್ಲಿ ಪಾಠ ಮಾಡೋವಾಗ ಮಕ್ಕಳಿಗೆ ಎಷ್ಟೋ ಶಿಫಾರಸು ಪತ್ರ ಬರೆದುಕೊಟ್ಟಿದೀನಿ, ಅದರಿಂದ ಹೇಳ್ತೀನಿ. ‘ಶ್ರಮಜೀವಿ, ಪ್ರಾಮಾಣಿಕಳು, ಸಮಯಪಾಲಕಿ’ ಅಂತ ಬರೆದ್ರೆ ಅಲ್ಲಿ ಓದೋರಿಗೆ ಏನೂ ತಿಳಿಯಲ್ಲ. ಆಹಾರ ಸಂಶೋಧನೆ ಮಾಡೋ ಸಿಎಫ್‌ಟಿಆರ್‌ಐನಲ್ಲಿ ಪ್ರಾಜೆಕ್ಟ್ ಮಾಡೋವಾಗ ಇವಳು ಏನು ಮಾಡಿದ್ಲು, ನನ್ನ ಹತ್ರ ಹೇಳಿದಾಳೆ. ನೀವು ಬಟ್ಟೇಲಿ ಕಟ್ಟಿ ಮೊಳಕೆ ಬರಿಸ್ತೀರಲ್ಲ, ಅದೇ ರಾಗಿ. ಮೊಳಕೆ ದಿನದಿನಕ್ಕೆ ಬೆಳೀತಾ ಅದರೊಳಗಿನ ಅಮೈಲೇಸ್ ಎಂಜೈಮ್ ಎಷ್ಟು ಏರುತ್ತೆ ಅಂತ ಅಳೆಯೋ ಕೆಲಸ. ಪಿಷ್ಟ ಒಡೆದು ಬರೋ ಸಕ್ಕರೆಗೆ ಡಿಎನ್‌ಎಸ್ ಅನ್ನೋ ದ್ರಾವಣ ಹಾಕಿ ಕುದಿಸಿದ್ರೆ ಬಣ್ಣ ಬರುತ್ತೆ, ಆ ಬಣ್ಣನ 540 ನ್ಯಾನೊಮೀಟರಿನಲ್ಲಿ ಓದ್ತಾರೆ. ಮೂರನೇ ದಿನದ ರೀಡಿಂಗು ವಿಪರೀತ ಬಂತಂತೆ. ಎಲ್ಲರೂ ಖುಷಿಪಟ್ರೆ ಇವಳಿಗೆ ಅನುಮಾನ. ಮೊಳಕೆ ರಾಗಿಯಲ್ಲಿ ಮೊದಲೇ ಸಕ್ಕರೆ ಇರುತ್ತಲ್ಲ, ಅದೂ ಲೆಕ್ಕಕ್ಕೆ ಸೇರಿಬಿಟ್ಟಿದೆ ಅಂತ ಕಂಡುಹಿಡಿದು, ಆ ಸಕ್ಕರೆನ ಕಳೆಯೋಕೆ ದಿನಕ್ಕೊಂದು ಬೇರೆ ಬ್ಲ್ಯಾಂಕ್ ಇಟ್ಟು, ಮಾಡಿದ್ದೆಲ್ಲ ಕೈಬಿಟ್ಟು ಮೊದಲಿಂದ ಮಾಡಿದ್ಲು. ಕೈಗೆ ಬಂದ ಒಳ್ಳೇ ರಿಸಲ್ಟನ್ನ ಅನುಮಾನಿಸೋ ಬುದ್ಧಿ ಕೋಚಿಂಗ್‌ನಲ್ಲಿ ಸಿಗಲ್ಲ ಕಣ್ರೀ. ಅವಳ ಗೈಡು ಇದನ್ನ ಇದ್ದದ್ದು ಇದ್ದ ಹಾಗೆ ಬರೀಬೇಕು.

ಕೆಲವು ಮೇಷ್ಟ್ರುಗಳು ‘ನೀನೇ ಬರ್ಕೊಂಡು ಬಾಮ್ಮ, ಸೈನ್ ಹಾಕ್ತೀನಿ’ ಅಂತಾರೆ. ಅದಕ್ಕೆ ಒಪ್ಪೋದು ಬೇಡ. ಆ ರೀಡಿಂಗಿನ ಹಾಳೆ, ಪ್ರಾಜೆಕ್ಟ್ ರಿಪೋರ್ಟು ಎರಡನ್ನೂ ಕೈಗಿಟ್ಟು, ‘ಸರ್, ಇದರ ಬಗ್ಗೆ ನೀವೇ ನಾಕು ಮಾತು ಬರೀರಿ’ ಅಂತ ವಿನಯವಾಗಿ ಕೇಳಲಿ. ಪತ್ರ ಸಂಸ್ಥೆಯ ಇಮೇಲಿನಿಂದ ಹೋದ್ರೆ ನಂಬಿಕೆ ಜಾಸ್ತಿ. ಯಾಕೆ ಓದ್ಬೇಕು ಅಂತ ತಾನೇ ಬರೆಯೋ ಎಸ್‌ಒಪಿಯಲ್ಲೂ ಅಷ್ಟೇ, ಸ್ಕೋರ್ ಯಾಕೆ ಕಮ್ಮಿ ಆಯ್ತು ಅಂತ ಸಬೂಬು ಬರೀದೆ ಈ ರಾಗಿ ಕಥೆಯಿಂದ ಶುರು ಮಾಡಲಿ.

ಕನ್ಸಲ್ಟೆನ್ಸಿಯವರು ‘ಈ ಸ್ಕೋರಿಗೆ ಪಿಎಚ್‌ಡಿ ಆಗಲ್ಲ, ಎಂಎಸ್ ಹಾಕಿ, ಲೋನ್ ಕೊಡಿಸ್ತೀವಿ’ ಅಂದ್ರು ಅಂದ್ರಲ್ಲ, ಅಲ್ಲಿ ಹುಷಾರು. ಅಡ್ಮಿಷನ್ ಮಾಡಿಸಿದ್ದಕ್ಕೆ ಕೆಲವು ಯೂನಿವರ್ಸಿಟಿಗಳು ಏಜೆಂಟರಿಗೆ ಕಮಿಷನ್ ಕೊಡ್ತವೆ. ಎಂಎಸ್ ಹೆಚ್ಚಾಗಿ ನಮ್ಮ ದುಡ್ಡಿನಲ್ಲೇ ಓದಬೇಕು. ವಿಜ್ಞಾನದ ಪಿಎಚ್‌ಡಿ ಸಿಕ್ಕಿದ್ರೆ ಸಾಮಾನ್ಯವಾಗಿ ಫೀಸೂ ಇಲ್ಲ, ತಿಂಗಳಿಗೆ ಸ್ಟೈಪೆಂಡೂ ಬರುತ್ತೆ. ಎಂಎಸ್ಸಿ ಮುಗಿಸಿದ ಹುಡುಗಿ ನೇರ ಪಿಎಚ್‌ಡಿಗೆ ಹಾಕೋಕೆ ಏನೂ ಅಡ್ಡಿಯಿಲ್ಲ. ಸ್ಕೋರ್ ಕಮ್ಮಿ ಅನ್ನೋ ಅಂಜಿಕೆಗೆ ಮನೆ ಪತ್ರ ಬ್ಯಾಂಕಿನಲ್ಲಿಟ್ಟು ಕೂರಬೇಡಿ. ಜರ್ಮನಿ ಕಡೆಯೂ ನೋಡಬಹುದು, ಅಲ್ಲಿನ ಎಷ್ಟೋ ಕೋರ್ಸುಗಳು ಜಿಆರ್‌ಇ ಕೇಳಲ್ಲ. ಮಾಸ್ಟರ್ಸ್‌ಗೆ ಅಂತ ಸ್ವಂತ ಖರ್ಚಿನಲ್ಲಿ ಹೊರಟ್ರೆ ಮಾತ್ರ ಒಂದು ವರ್ಷದ ಖರ್ಚಿಗೆ 11,904 ಯೂರೋ ಬ್ಲಾಕ್ಡ್ ಅಕೌಂಟಿನಲ್ಲಿ ತೋರಿಸಬೇಕು, ನಮ್ಮ ಅಂಕಪಟ್ಟಿಗಳನ್ನ ಪರಿಶೀಲಿಸಿ ಕೊಡೋ ಎಪಿಎಸ್ ಸರ್ಟಿಫಿಕೇಟೂ ಬೇಕು.

ಮೊದಲು ನಾಳೆ ಯೂನಿವರ್ಸಿಟಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟಿಗೆ ಅರ್ಜಿ ಹಾಕಲಿ, ಅದು ಬರೋಕೆ ದಿನ ಹಿಡಿಯುತ್ತೆ. ಸಂಜೆ ಲ್ಯಾಪ್‌ಟಾಪ್ ತಗೊಂಡು ನಮ್ಮನೆಗೆ ಬರೋಕೆ ಹೇಳಿ. ಯಾವ ಪ್ರೊಫೆಸರುಗಳು ಧಾನ್ಯದ ಎಂಜೈಮ್ ಮೇಲೆ ಕೆಲಸ ಮಾಡ್ತಿದಾರೆ ಅಂತ ಇಬ್ಬರೂ ಕೂತು ಹುಡುಕ್ತೀವಿ, ಅವರಿಗೆ ಮೊದಲ ಇಮೇಲು ನಾಳೆಯೇ ಹೋಗಲಿ.