ಮೌಸ್ ಮಡಿಯವರು

ಆಫೀಸಿಗೊಬ್ಬರಂತೆ ಇವರು ಇದ್ದೇ ಇರುತ್ತಾರೆ. ಕಂಪ್ಯೂಟರ್ ಕೈಕೊಟ್ಟಿತೆಂದು ಕರೆದಿರಿ ಅನ್ನಿ, ಬಂದವರು ಮೊದಲು ಮಾಡುವ ಕೆಲಸ ಮೌಸನ್ನು ಆಚೆ ಸರಿಸುವುದು. ಅದೂ ಕೈಯಿಂದಲ್ಲ, ಮೊಣಕೈಯಿಂದ. ಮಡಿಯಲ್ಲಿರುವ ಅಜ್ಜಿ ಮೊಮ್ಮಗನ ಚಡ್ಡಿಯನ್ನು ಕೋಲಿನಿಂದ ಸರಿಸುತ್ತಾಳಲ್ಲ, ಹಾಗೆ.

ಆಮೇಲೆ ಕಂಟ್ರೋಲ್-ಆಲ್ಟ್-ಟಿ. ಟರ್ಮಿನಲ್ ತೆರೆದುಕೊಳ್ಳುತ್ತದೆ, ಟಕಟಕ ಶುರುವಾಗುತ್ತದೆ. "ಈಗ ನೋಡಿ" ಅನ್ನುತ್ತಾರೆ. ನೀವು ಕನ್ನಡಕ ಏರಿಸುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. "ನೋಡಿದ್ರಲ್ಲ, ಇಷ್ಟೇ."

ಅವರ ಲ್ಯಾಪ್‌ಟಾಪ್‌ನಲ್ಲಿ ನೀವು ಏನಾದರೂ ಟೈಪ್ ಮಾಡಹೋದರೆ ಕೆಟ್ಟಿರಿ. ಕ್ಯಾಪ್ಸ್ ಲಾಕ್ ಅಲ್ಲಿ ಕಂಟ್ರೋಲ್ ಆಗಿರುತ್ತದೆ. ಹೆಸರಿನ ಮೊದಲಕ್ಷರ ದೊಡ್ಡದು ಮಾಡಲು ಹೋಗಿ ಕಿಟಕಿಯನ್ನೇ ಮುಚ್ಚಿಬಿಟ್ಟಿರುತ್ತೀರಿ. ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ರೂಪಾಯಿ ಚಿಹ್ನೆ ಬೀಳುತ್ತದೆ, ಅದೊಂದು ನಿಜವಾಗಿ ಉಪಯೋಗದ್ದು. ಟೀ ಲೆಕ್ಕ ಬರೆಯುವಾಗ ತಪ್ಪದೆ ಹಾಕುತ್ತಾರೆ. ದುಡ್ಡು ಹಾಕುವುದು ಬೇರೆಯವರು.

ಹೊಸದಾಗಿ ಸೇರಿದ ಹುಡುಗಿ ಟರ್ಮಿನಲ್‌ನಲ್ಲಿ ಅಭ್ಯಾಸಬಲದಿಂದ ಸೇವ್ ಮಾಡಲೆಂದು ಕಂಟ್ರೋಲ್-ಎಸ್ ಒತ್ತಿ, ಪರದೆ ಅಲುಗಾಡದೆ ಕಂಗಾಲಾಗುವುದು ಇವರ ಪಾಲಿನ ಹಬ್ಬ. ಎದ್ದು ಬಂದು ಕಂಟ್ರೋಲ್-ಕ್ಯೂ ಒತ್ತಿ, ತುಟಿ ಬಿಚ್ಚದೆ ಹೋಗಿ ಕೂರುತ್ತಾರೆ. ಟೆಲಿಟೈಪ್ ಯಂತ್ರಗಳ ಕಾಲದಿಂದ ಉಳಿದುಬಂದ ಸನ್ನೆಗಳಂತೆ ಅವು: ಎಸ್ ಎಂದರೆ ನಿಲ್ಲು, ಕ್ಯೂ ಎಂದರೆ ಹೊರಡು. ಈ ಪುರಾಣ ಊಟದ ಹೊತ್ತಿಗೆ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮಾತ್ರ ಕಂಟ್ರೋಲ್-ಎಸ್ ಇಲ್ಲ.

ಯಂತ್ರ ಪೂರ್ತಿ ಕಲ್ಲಾದರೆ ನಾವು ನೀವು ಪವರ್ ಬಟನ್ ಅದುಮಿ ಹಿಡಿಯುತ್ತೇವೆ. ಇವರ ದೃಷ್ಟಿಯಲ್ಲಿ ಅದು ಕೊಲೆ. ಅದಕ್ಕೊಂದು ಷಡಕ್ಷರಿ ಮಂತ್ರವಿದೆ: ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಒತ್ತಿ ಹಿಡಿದು ಆರ್, ಇ, ಐ, ಎಸ್, ಯು, ಬಿ. ಅಕ್ಷರ ಅಕ್ಷರಕ್ಕೂ ನಡುವೆ ಒಂದು ಉಸಿರು. ಕೀಬೋರ್ಡ್ ವಶವಾಗಬೇಕು, ಪ್ರೋಗ್ರಾಂಗಳು ಮೊದಲು ಮರ್ಯಾದೆಯಿಂದ, ಕೇಳದಿದ್ದರೆ ಬಲವಂತದಿಂದ ಸಾಯಬೇಕು, ಉಳಿದದ್ದು ಡಿಸ್ಕಿಗೆ ಇಳಿಯಬೇಕು, ಡಿಸ್ಕಿಗೆ ಬೀಗ ಬೀಳಬೇಕು, ಕೊನೆಗೆ ಪುನರ್ಜನ್ಮ. ಯಂತ್ರದೊಳಗಿನ ಉಬುಂಟು ಲಿನಕ್ಸ್ ತಾನಾಗಿ ಅನುಮತಿ ಕೊಟ್ಟಿರುವುದು ಕಡೆಯ ಮೂರಕ್ಕೆ ಮಾತ್ರ, ಮೊದಲ ಮೂರು ಒತ್ತಿದರೂ ಏನೂ ಆಗುವುದಿಲ್ಲ. ಇದು ಅವರಿಗೂ ಗೊತ್ತು. ಆದರೂ ಆರೂ ಒತ್ತುತ್ತಾರೆ. ಮಂತ್ರವನ್ನು ನಡುವಿನಿಂದ ಹಿಡಿಯುವುದುಂಟೆ? ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಇದರ ಜೊತೆ ಎಫ್‌ಎನ್ ಕೀಲಿಯನ್ನೂ ಹಿಡಿಯಬೇಕಾಗಿ ಬಂದು, ಗದ್ದವನ್ನೂ ಬಳಸಿಕೊಳ್ಳುತ್ತಾರೆ.

ಅರ್ಧ ಸೆಕೆಂಡ್ ಉಳಿಸುವ ಒಂದು ಶಾರ್ಟ್‌ಕಟ್ಟಿಗಾಗಿ ಭಾನುವಾರವಿಡೀ ಕಾನ್ಫಿಗ್ ಫೈಲ್ ತಿದ್ದುವವರು ಇವರು. ಮನೆಯಲ್ಲಿ ಕರೆಂಟ್ ಬಿಲ್ ಕಟ್ಟಲು ಕೂತರೂ ವ್ರತಭಂಗವಿಲ್ಲ. ಟ್ಯಾಬ್, ಟ್ಯಾಬ್, ಟ್ಯಾಬ್... 'ಪಾವತಿಸಿ' ಬಟನ್ ದಾಟಿಹೋಯಿತು. ಶಿಫ್ಟ್-ಟ್ಯಾಬ್. ಈಗ ಹಿಂದಕ್ಕೆ ಹೋಯಿತು. ಟ್ರಾಫಿಕ್ ಸಿಗ್ನಲ್ ಇರುವ ಚಿತ್ರಗಳನ್ನು ಆರಿಸಿ ಎಂದಿತು. ಸ್ಪೇಸ್ ಒತ್ತಿ ಒಂದೊಂದೇ ಆರಿಸುವಷ್ಟರಲ್ಲಿ ಸಮಯ ಮೀರಿದೆ, ಮತ್ತೆ ಲಾಗಿನ್ ಆಗಿ ಎಂದಿತು.

"ರೀ, ಬಿಲ್ಲು ನಾನು ಆಗಲೇ ಫೋನಲ್ಲಿ ಕಟ್ಟಿದೆ," ಒಳಗಿನಿಂದ ದನಿ ಬಂತು. "ಕರೆಂಟ್ ಕಿತ್ತರೆ ನಿಮಗೇ ತೊಂದರೆ ಅಂತ."

"ಇರು, ಇನ್ನೊಂದೇ ಟ್ಯಾಬ್."