ಉತಾರದಲ್ಲಿ ಇಲ್ಲದ ಉದ್ರಿ

ಹೊಟೇಲ್ ನಡೆಸುವವನಿಗೆ ಇರಬಾರದ ಗುಣ ಒಂದಿದ್ದರೆ ಅದು ಸಂಕೋಚ. ನಮ್ಮ ಕಾಕಾನಿಗೆ ಅದನ್ನು ದೇವರು ಎರಡೂ ಕೈಯಿಂದ ಕೊಟ್ಟಿದ್ದ. ತೆಲಸಂಗದಲ್ಲಿ, ಅಥಣಿ–ವಿಜಯಪುರ ರಸ್ತೆಯ ಬದಿಗೆ ಮುಂದೊಂದು ಚಹಾದ ಹೊಟೇಲ್, ಹಿಂದೊಂದು ಮಂಗಲ ಕಾರ್ಯಾಲಯ ಇಟ್ಟುಕೊಂಡು ಅವರು ಅಷ್ಟು ವರ್ಷ ಹೇಗೆ ತಳ್ಳಿದರು ಎಂಬುದೇ ನನಗೆ ಸೋಜಿಗ. ಕೊನೆಗೆ ಮಾರಿದ್ದು ಸೋಜಿಗವಲ್ಲ.

ಹೊಟೇಲಿನ ಬೋರ್ಡಿನ ಮೇಲೆ ಅಜ್ಜ ಬರೆಸಿದ ದೇವರ ಹೆಸರಿತ್ತು. ಅದನ್ನು ಓದಿದವರು ಊರಲ್ಲಿ ಇರಲಿಲ್ಲ. ಎಲ್ಲರ ಬಾಯಲ್ಲೂ ಅದು 'ಕಾಕಾನ ಹೊಟೇಲ್'. ಬೆಳಿಗ್ಗೆ ಉಪ್ಪಿಟ್ಟು, ಸಿರಾ. ಇಳಿಹೊತ್ತಿಗೆ ಮಿರ್ಚಿ ಭಜಿ. ಹಿಂದಿನ ಕಾರ್ಯಾಲಯದಲ್ಲಿ ಮದುಮಗಳಿಗೆಂದು ಒಂದೇ ಕೋಣೆ, ಅದರಲ್ಲಿ ಒಂದೇ ಕನ್ನಡಿ. ಮುಖ ತೊಳೆಯುವ ಮೊದಲು ಹುಡುಗಿಯರು ಹಣೆಯ ಟಿಕಳಿ ತೆಗೆದು ಕನ್ನಡಿಗೆ ಅಂಟಿಸುತ್ತಿದ್ದರು. ಗಡಿಬಿಡಿಯಲ್ಲಿ ಮರೆತು ಗಂಡನ ಮನೆಗೆ ಹೋಗುತ್ತಿದ್ದರು. ಕೆಂಪು, ಕಂದು, ಹರಳಿನವು, ಹಾವಿನಾಕಾರದವು. ಕನ್ನಡಿಯ ಅಂಚೆಲ್ಲ ತುಂಬಿ, ನಡುವೆ ಮುಖ ಕಾಣುವಷ್ಟು ಜಾಗ ಮಾತ್ರ ಉಳಿದಿತ್ತು. ಒರೆಸಲು ಹೋದ ಆಳಿಗೆ ಕಾಕು ಬೈಯುತ್ತಿದ್ದಳು: "ಬಿಡೋ, ಎಲ್ಲಾ ಮುತ್ತೈದೇರವು."

ತುಳಸಿ ಲಗ್ನ ಆಯಿತೆಂದರೆ ಸುಗ್ಗಿ. ಆಷಾಢದಲ್ಲಿ ಕಾರ್ಯಾಲಯ ಪಾರಿವಾಳಗಳದು. ಅವೂ ಬಾಡಿಗೆ ಕೊಡುತ್ತಿರಲಿಲ್ಲ.

ನಮ್ಮ ಕಡೆ ದ್ರಾಕ್ಷಿ ಬೆಳೆಯುವವರು ಬಹಳ. ಹಣ್ಣು ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ, ಒಣದ್ರಾಕ್ಷಿಯನ್ನು ವಿಜಯಪುರಕ್ಕೋ ಸಾಂಗಲಿ ಜಿಲ್ಲೆಯ ತಾಸಗಾವಕ್ಕೋ ಕಳಿಸಿ, ದರ ಬಂದ ಮೇಲೆ ಕೈಗೆ ರೊಕ್ಕ. ಮುಹೂರ್ತ ಅಷ್ಟು ದಿನ ಕಾಯುವುದಿಲ್ಲವಲ್ಲ! "ಕಾಕಾ, ಮಾಲು ಮಾರಿದ ಕೂಡ್ಲೇ ಕೊಡ್ತೀನಿ" ಎಂದರೆ ಕಾಕಾ, "ರೊಕ್ಕ ಎಲ್ಲಿ ಓಡಿ ಹೋಗ್ತಾವೋ, ಮೊದಲ ಅಕ್ಕಿಕಾಳು ಬೀಳ್ಲಿ" ಎನ್ನುತ್ತಿದ್ದರು. ಅಕ್ಕಿಕಾಳು ಬೀಳುತ್ತಿತ್ತು. ಹಿಂದೆಯೇ ಅಕಾಲದ ಮಳೆಯೂ ಬೀಳುತ್ತಿತ್ತು. ಶೆಡ್ಡಿನ ದ್ರಾಕ್ಷಿ ಕಪ್ಪಾದ ವರ್ಷ ಕಾಕಾನ ಉದ್ರಿ ವಹಿಯೂ ಕಪ್ಪಾಗುತ್ತಿತ್ತು.

2020ರಲ್ಲಿ ಲಾಕ್‌ಡೌನ್ ಬಂತು. ಮದುವೆಗೆ 50 ಮಂದಿ ಮಾತ್ರ ಎಂದು ಸರ್ಕಾರ ಹೇಳಿತು. ನಮ್ಮಲ್ಲಿ ಸಿಟ್ಟು ಮಾಡಿಕೊಂಡು ಊಟ ಬಿಟ್ಟು ಹೋಗುವ ಬೀಗರೇ ಅಷ್ಟಿರುತ್ತಾರೆ. ಲಗ್ನಗಳೆಲ್ಲ ಮನೆ ಮುಂದಿನ ಹಂದರಕ್ಕೆ ಹೋದವು. ಇಸಾರ ಕೊಟ್ಟಿದ್ದವರು ವಾಪಸ್ ಕೇಳಿದರು. ಕಾಕಾ ಸಾಲ ತೆಗೆದು ಕೊಟ್ಟರು. ಉದ್ರಿ ಇಟ್ಟವರನ್ನು ಮಾತ್ರ ಕೇಳಲಿಲ್ಲ. ಸಂಕೋಚ!

ಕೊನೆಗೆ ಮಾರುವುದೆಂದು ನಿಶ್ಚಯವಾದಾಗ, ಸಮಾಧಾನಕ್ಕೆಂದು ನಾನು ಅವರಿಗೆ ವುಡ್‌ಲ್ಯಾಂಡ್ಸ್ ಕತೆ ಹೇಳಿದೆ. ಉಡುಪಿ ಕಡೆಯ ಕೆ. ಕೃಷ್ಣರಾಯರು 1938ರಲ್ಲಿ ಮದ್ರಾಸಿನ ರಾಯಪೇಟೆಯಲ್ಲಿ ಆ ಹೆಸರಿನ ಬಂಗಲೆಯನ್ನು ಬಾಡಿಗೆಗೆ ಹಿಡಿದು ಹೊಟೇಲ್ ಮಾಡಿದರು. ಮುಂದೆ ಬಂಗಲೆ ಕೈಬಿಟ್ಟಿತು, ಹೆಸರನ್ನು ಅವರು ಬಿಡಲಿಲ್ಲ. 1962ರಲ್ಲಿ ಸರ್ಕಾರಿ ಜಾಗದಲ್ಲಿ ತೆರೆದ ಡ್ರೈವ್-ಇನ್ ಕೂಡ 2008ರಲ್ಲಿ ಮುಚ್ಚಿತು, ಈಗ ಅಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಆದರೂ ವುಡ್‌ಲ್ಯಾಂಡ್ಸ್ ಅಂದರೆ ಜನಕ್ಕೆ ದೋಸೆಯೇ ನೆನಪು. ಕಾಕಾ ಪೂರ್ತಿ ಕೇಳಿ, "ಅವರದು ಹೆಸರು ಉಳೀತು, ನಮ್ಮದು ಉದ್ರಿ ಉಳೀತು" ಎಂದರು.

ಅಥಣಿಯಲ್ಲಿ ಖರೀದಿ ಪತ್ರವಾಯಿತು. ಚೆಕ್‌ಬಂದಿ, ಕಟ್ಟಡ, ಬೋರ್‌ವೆಲ್ ಎಲ್ಲ ಅದರಲ್ಲಿದ್ದವು. ಅಜ್ಜನ ಹೆಸರು ಕೊರೆದ ಬೋಗಾಣಿ, ಪರಾತಗಳು ಬಾಯಿಮಾತಿನ ಮೇಲೆ ಹೋದವು. ಹೊಟೇಲಿಗೆ ಬಂದ ಮೇಲೆ ಉದ್ರಿ ವಹಿಯನ್ನು ಮುಂದೆ ತಳ್ಳಿ ಕಾಕಾ, "ಇದನ್ನೂ ತಗೋರಿ, ಪುಕ್ಕಟೆ" ಎಂದರು. ಹೊಸ ಮಾಲಕರು ನಕ್ಕು, ಕುಡಿದ ಚಹಾದ ರೊಕ್ಕ ಗಲ್ಲಾದ ಮೇಲಿಟ್ಟು ಹೋದರು. "ಮನಿಶ್ಯಾ ಧಂದೆ ಮಾಡ್ತಾನ ಬಿಡು" ಎಂದು ಕಾಕಾ ತಲೆದೂಗಿದರು. ಅಸೂಯೆಯ ಸುಳಿವೂ ಇರಲಿಲ್ಲ.

ಮಾಡುತ್ತಲೂ ಇದ್ದಾರೆ. ಕುಡಿಯಲು ಫಿಲ್ಟರ್ ನೀರು, ಜನರೇಟರ್, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳುವಂಥ ಶೌಚಾಲಯ: ನಮ್ಮ ಮನೆತನಕ್ಕೆ ಇಷ್ಟು ವರ್ಷ ಆಗದ್ದು ಅವರಿಗೆ ಒಂದೇ ಆಷಾಢದಲ್ಲಿ ಆಯಿತು. ಟಿಕಳಿ ಕನ್ನಡಿ ಹೋಗಿ, ಸುತ್ತ ದೀಪವಿರುವ ಆಳೆತ್ತರದ ಕನ್ನಡಿ ಬಂದಿದೆ. ಮದುಮಗಳಿಗೆ ಸೀರೆಯ ನೆರಿಗೆಯೂ ಕಾಣುತ್ತದೆ. "ಮೊದಲಿನ ಮಜಾ ಇಲ್ಲ" ಎಂದು ಕಟ್ಟೆಯ ಮೇಲೆ ಕೂತು ಹೇಳುವವರಲ್ಲಿ ಅರ್ಧ ಜನ ತಮ್ಮ ಮಕ್ಕಳ ಮದುವೆಯನ್ನು ವಿಜಯಪುರದ ಎ.ಸಿ. ಹಾಲಿನಲ್ಲಿ ಮಾಡಿದವರು, ಇನ್ನರ್ಧ ಜನರ ಹೆಸರು ವಹಿಯಲ್ಲಿದೆ. ನನ್ನ ತಕರಾರು ಒಂದೇ, ಅದು ಬಫೆ. ಪಂಕ್ತಿಯಲ್ಲಿ ಕೂತರೆ ಬೀಗರು ಕೈ ಹಿಡಿದು ಹುಗ್ಗಿಯ ಮೇಲೆ ತುಪ್ಪ ಸುರಿಯುತ್ತಿದ್ದರು. ಈಗ ನಾವೇ ತಾಟು ಹಿಡಿದು ನಿಂತು, ನಮಗೆ ನಾವೇ "ಸಾಕು, ಸಾಕು" ಎಂದುಕೊಳ್ಳಬೇಕು.

ಮನೆಯಲ್ಲಿ ಲಗ್ನವಿದ್ದವರಿಗೆ ಒಂದು ಮಾತು: ತುಳಸಿ ಲಗ್ನದ ಮುಂದಿನ ತಾರೀಖು ಬೇಕಿದ್ದರೆ ಈಗಲೇ ಹೋಗಿರಿ, ಇಸಾರ ಕೈಯಲ್ಲಿ ಹಿಡಿದುಕೊಂಡೇ ಹೋಗಿರಿ. ಕಾಕಾನ ಪರಿಚಯ ಹೇಳಬೇಡಿರಿ. ಹೇಳಿದವರಿಂದ ಪೂರ್ತಿ ರೊಕ್ಕ ಮುಂಗಡವಾಗಿಯೇ ಕೇಳುತ್ತಾರಂತೆ.